ಹರ್ಷದಾಳೂ ಎರಡು ಊರಿನ ಹನುಮಂತನೂ

ಹರ್ಷದಾ ನಮ್ಮ ಮನೆಗೆ ಬರುವುದು ಶನಿವಾರ, ಹತ್ತೂವರೆಗೆ. ಹೈದರಾಬಾದಿನ ಸುಲ್ತಾನ್ ಬಜಾರಿನ ನಮ್ಮ ಓಣಿಯೊಳಗೆ ಆಟೋ ಬರುವುದಿಲ್ಲ. ಕೋಠಿಯಲ್ಲಿ ಬಸ್ಸಿಳಿದು ನಡೆದೇ ಬರುತ್ತಾಳೆ. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಎದೆಗೆ ಸ್ಕ್ಯಾನರು. ಅದನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿರುತ್ತಾಳೆ. ನಮ್ಮ ಮೆಟ್ಟಿಲು ಹದಿನಾಲ್ಕು. ಹನ್ನೊಂದನೆಯದರ ಮೇಲೆ ನಿಂತು, "ಆಯೀ, ಬಾಗಿಲಾ ತೆಗೀರಿ, ನನ್ನ ಕೈ ಖಾಲಿ ಇಲ್ಲ!" ಎಂದು ಕೂಗುತ್ತಾಳೆ. ಬಾಗಿಲು ತೆಗೆದೇ ಇರುತ್ತದೆ. ಆದರೂ ಕೂಗುತ್ತಾಳೆ.

ವಯಸ್ಸು ಇಪ್ಪತ್ತೆರಡು. ಅಜ್ಜನ ಕಾಲದಿಂದಲೂ ಅವರದು ಇಲ್ಲೇ ಸರ್ಕಾರಿ ನೌಕರಿ. ಆಟೋದವನ ಜೊತೆ ತೆಲುಗು, ಅವಳ ಸರ್ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ನಕ್ಕರೆ ಕೆಳಗಿನ ಅಂಗಡಿಯವರು ತಲೆ ಎತ್ತಿ ನೋಡುತ್ತಾರೆ. ಎಂ.ಎ. ಓದುತ್ತಲೇ ವಿಶ್ವವಿದ್ಯಾಲಯದಲ್ಲಿ ಒಂದು ಕೆಲಸ ಹಿಡಿದಿದ್ದಾಳೆ. ಹೈದರಾಬಾದಿಗೆ ಬಂದುಹೋದ ಹಳೆಯ ನಾಟಕ ಕಂಪನಿಗಳನ್ನೆಲ್ಲ ಕಂಪ್ಯೂಟರಿನ ನಕಾಶೆಯೊಳಗೆ ಕೂರಿಸುವ ಕೆಲಸ. ಯಾವ ಊರು, ಯಾವ ತಾರೀಖು, ಯಾರ ಪಾತ್ರ, ಎಲ್ಲ ತುಂಬಿದ ಮೇಲೆ ಬೆರಳು ಒತ್ತಿದರೆ ಆ ಊರು ದೀಪದ ಹಾಗೆ ಹೊತ್ತುತ್ತದೆ.

ನನ್ನ ಹತ್ತಿರ ಬಂದದ್ದು ಟ್ರಂಕಿಗಾಗಿ. ನಮ್ಮವರು, ಶಾಂತಪ್ಪ, ಶ್ರೀ ಗುರುಶಾಂತ ನಾಟ್ಯ ಮಂಡಳಿಯಲ್ಲಿ ಹ್ಯಾಂಡ್‌ಬಿಲ್ ಹಂಚುವವರು, ಗೋಡೆಗೆ ಅಂಟಿಸುವವರು. ನಾನು ಮೈದಾ ಕುದಿಸಿ ಅಂಟು ಮಾಡುವವಳು. ಅವರು ಬಿಟ್ಟುಹೋದ ಟ್ರಂಕಿನಲ್ಲಿ ಇನ್ನೂರ ಹನ್ನೆರಡು ಹ್ಯಾಂಡ್‌ಬಿಲ್ಲುಗಳಿವೆ. ಮನೆಯಿಂದ ಹೊರಗೆ ಕೊಡುವುದಿಲ್ಲ ಎಂದೆ. "ಹಂಗಾರ ನಾನೇ ಬರ್ತೀನ್ರಿ" ಎಂದಳು. ಐದು ತಿಂಗಳಾಯಿತು, ಒಂದು ಶನಿವಾರ ತಪ್ಪಿಸಿಲ್ಲ.

ನಾನು ಶಾಲೆ ಕಂಡವಳಲ್ಲ. ಅಕ್ಷರ ಕಲಿತದ್ದು ಆ ಹ್ಯಾಂಡ್‌ಬಿಲ್ಲುಗಳಿಂದಲೇ, ಆದ್ದರಿಂದ ದೊಡ್ಡ ಅಕ್ಷರ ಮಾತ್ರ ಓದಬಲ್ಲೆ. ಅವಳಿಗೆ ಮನೆಯಲ್ಲಿ ಕಲಿಸಿದ ಕನ್ನಡ. ಸಣ್ಣ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಆದರೆ ನಾಟಕದ ಹೆಸರಿನ ಬಳ್ಳಿ ಸುತ್ತಿದ ದೊಡ್ಡ ಅಕ್ಷರ ಕಂಡರೆ ಕೈಚೆಲ್ಲುತ್ತಾಳೆ. ನಾಟಕದ ಹೆಸರು ನಾನು, ಪಾತ್ರಧಾರಿಗಳ ಹೆಸರು ಅವಳು.

"ಆಯಿ, ನಾವಿಬ್ಬರೂ ಕೂಡಿದ್ರ ಒಬ್ಬಾಕಿ ಕಲ್ತಾಕಿ ಆಗ್ತೀವಿ ನೋಡ್ರಿ."

"ಅದರಾಗ ಮುಕ್ಕಾಲು ನಾನಽ" ಎಂದೆ. ಒಪ್ಪಿದಳು.

ಕಳೆದ ಶನಿವಾರ ಮಾತ್ರ ಹನ್ನೊಂದನೆಯ ಮೆಟ್ಟಿಲಿನಿಂದ ಕೂಗು ಬರಲಿಲ್ಲ. ಹೋಗಿ ನೋಡಿದರೆ ಅಲ್ಲೇ ಕೂತಿದ್ದಾಳೆ, ಸ್ಕ್ಯಾನರು ತೊಡೆಯ ಮೇಲೆ.

"ಆಯಿ, ನಮ್ಮ ಕಂಪನೀನ ತೆಗೆದುಹಾಕ್ತಾರಂತ್ರಿ."

ಒಳಗೆ ಕರೆತಂದು ಚಹಾ ಕೊಟ್ಟ ಮೇಲೆ ಹೇಳಿದಳು. ಕಂಪ್ಯೂಟರು ನಮ್ಮ ಮಂಡಳಿಯ ಮುಂದೆ ಕೆಂಪು ಗುರುತು ಹಾಕಿತ್ತು. ಹನುಮಂತನ ಪಾತ್ರದ ಅಂಬಾದಾಸ ೧೯೬೭ರ ಜನವರಿ ಹದಿನಾಲ್ಕರ ಶನಿವಾರ ಸಂಜೆ ರಾಯಚೂರಿನಲ್ಲೂ ಇದ್ದ, ಅದೇ ಸಂಜೆ ಹೈದರಾಬಾದಿನಲ್ಲೂ ಇದ್ದ. ಎರಡಕ್ಕೂ ಹ್ಯಾಂಡ್‌ಬಿಲ್ ಇದೆ. ಒಂದು ಸುಳ್ಳಾದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಅವಳ ಕೆಲಸ ನೋಡಿಕೊಳ್ಳುವ ವಿಶ್ವಜಿತ್ ಸರ್ ಕೇಳಿದ್ದರು. ಅವತ್ತೇ ನಾಲ್ಕು ಗಂಟೆಯೊಳಗೆ ಈ ಗಂಟು ಬಿಡಿಸದಿದ್ದರೆ ಮಂಡಳಿಯೇ ನಕಾಶೆಯಿಂದ ಹೊರಗೆ. ಮಂಡಳಿಯ ಕೆಳಗೆ 'ಸಂಗ್ರಹ: ಹರ್ಷದಾ' ಎಂದು ಬರಬೇಕಿತ್ತು. ಅವಳ ಹೆಸರು ಎಲ್ಲಾದರೂ ಅಚ್ಚಾಗುವುದು ಅದೇ ಮೊದಲು.

"ಹನುಮಂತ ಅಲ್ಲೇನ ಬೇ, ಹಾರಿ ಬಂದಿದ್ದಾನು" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ನಗು ಉಕ್ಕಿತು. "ಸರ್‌ಗ ಹಂಗಽ ಬರೀಲೇನ್ರಿ? ಸಮುದ್ರ ಹಾರಿದಾಂವಗ ಕೃಷ್ಣಾ ನದಿ ಯಾವ ಲೆಕ್ಕ ಅಂತ?"

"ಬಾಲಕ್ಕ ಬಸ್ ಚಾರ್ಜ್ ಹತ್ತಲಿಲ್ಲ ಅಂತನೂ ಬರಿ."

ಚಹಾ ಚೆಲ್ಲಿತು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು ಆಗಿತ್ತು.

ಆ ಹ್ಯಾಂಡ್‌ಬಿಲ್ ತೆಗೆ ಎಂದೆ. ಹೈದರಾಬಾದಿನ ಅಂಥವು ಏಳಿದ್ದವು. ಎಲ್ಲ ಒಂದೇ ಥರ ಎಂದು ಅವಳು ಒಂದನ್ನೇ, ಅದೂ ಮುಂಭಾಗ ಮಾತ್ರ, ಸ್ಕ್ಯಾನ್ ಮಾಡಿದ್ದಳು. ಕಿಟಕಿಯ ಹತ್ತಿರ ಬೆರಳಾಡಿಸಿ ನೋಡಿದೆ. ಊರಿನ ಹೆಸರು ಉಬ್ಬಿತ್ತು, ತಾರೀಖು ಉಬ್ಬಿರಲಿಲ್ಲ. ಅಷ್ಟು ಸಾಕಾಯಿತು.

ನಮ್ಮ ಮಂಡಳಿಯ ಪದ್ಧತಿ ಹೀಗೆ. ದೊಡ್ಡ ಹ್ಯಾಂಡ್‌ಬಿಲ್ ಒಂದೇ ಸಲ ಸಾವಿರಗಟ್ಟಲೆ ಅಚ್ಚು ಹಾಕಿಸುವುದು. ಊರು ಬದಲಾದಾಗ ಹೊಸ ಊರಿನ ಹೆಸರು, ಹೊಸ ತಾರೀಖು ಇಷ್ಟನ್ನೇ ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ ಹಳೆಯದರ ಮೇಲೆ ಅಂಟಿಸುವುದು. ಈ ಏಳರಲ್ಲಿ ಹೈದರಾಬಾದ್ ಎಂಬ ಚೀಟಿ ಉಳಿದಿದೆ. ತಾರೀಖಿನ ಚೀಟಿ ಕಳಚಿ, ಕೆಳಗಿನ ರಾಯಚೂರಿನ ತಾರೀಖು ಕಾಣುತ್ತಿದೆ.

"ಅಂದ್ರ ನಿಜವಾದ ತಾರೀಖು ಎಲ್ಲೈತ್ರಿ?"

ಹ್ಯಾಂಡ್‌ಬಿಲ್ಲುಗಳನ್ನು ಒಂದೊಂದಾಗಿ ತಿರುಗಿಸಿದೆ. ಆರರ ಬೆನ್ನಿಗೆ ಬೆರಳಗಲದ ಖಾಲಿ ಕಾಗದ ಅಂಟಿತ್ತು.

"ಅದು ತೇಪೆ ಅಲ್ರಿ? ಹರಿದಿದ್ದಕ್ಕ ಹಚ್ಚಿದ್ದು ಅಂದ್ಕೊಂಡಿದ್ದೆ."

"ಹರಿದಿಲ್ಲಲ್ಲ, ನೋಡು. ಕೆಳಗಿನದರ ತಾರೀಖಿನ ಚೀಟಿ ಇದಕ್ಕ ಬೋರಲು ಅಂಟೈತಿ. ಅಕ್ಷರ ಒಳಗ."

ಅವಳು ಉಗುರು ಹಾಕಿ ಎಳೆದೇಬಿಟ್ಟಳು. 'ಮಾ' ಎಂಬಷ್ಟು ಕೈಗೆ ಬಂತು, ಉಳಿದದ್ದು ಪುಡಿಯಾಯಿತು. "ಅಯ್ಯಯ್ಯೋ!" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಳು. ಚಹಾದ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ಮೈದಾದ ಅಂಟು ಹಬೆಗೆ ಬಿಡುತ್ತದೆ, ಆದರೆ ತಾನಾಗಿ ಬಿಡಬೇಕು. ಉರಿದುಳಿದ ಊದಿನಕಡ್ಡಿಯ ಬಿದಿರನ್ನು ಅಂಚಿಗೆ ತೂರಿಸಿ, ಸ್ವಲ್ಪ ಹಬೆ, ಸ್ವಲ್ಪ ಕಡ್ಡಿ, ಮತ್ತೆ ಹಬೆ. ಎರಡನೆಯದು ಒಂದೂವರೆ ಗಂಟೆ ತಿಂದು ಅದೂ ಹರಿಯಿತು. ಮೂರನೆಯದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹರ್ಷದಾ ನನ್ನ ಹಿಂದೆ ಅಡುಗೆಮನೆಯಲ್ಲಿ ಗಸ್ತು ತಿರುಗುತ್ತಿದ್ದಳು.

"ಬಂತೇನ್ರಿ?"

"ಇನ್ನಽ ಇಲ್ಲ."

"ಈಗ್ರಿ?"

"ನೀ ಸುಮ್ಮನಿದ್ರ ಬರತೈತಿ."

ಮೂರು ಗಂಟೆ ಹತ್ತು ನಿಮಿಷಕ್ಕೆ ಚೀಟಿ ಇಡಿಯಾಗಿ ಬಂತು. ಅಕ್ಷರ ದೊಡ್ಡವು, ನಾನೇ ಓದಿದೆ. 'ಮಾರ್ಚ್ ೧೧ ಶನಿವಾರ.' ಅವಳು ಲ್ಯಾಪ್‌ಟಾಪಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆರೆದು ನೋಡಿದಳು. ಮಾರ್ಚ್ ಹನ್ನೊಂದು ಶನಿವಾರವೇ. ನನ್ನನ್ನು ಹಿಡಿದು ಗರಗರ ತಿರುಗಿಸಿದಳು. ಎಪ್ಪತ್ತೈದು ವರ್ಷದವಳನ್ನು ಹಾಗೆ ತಿರುಗಿಸಬಾರದು ಎಂದು ನಾನು ಹೇಳಲಿಲ್ಲ.

ಫೋಟೋ ತೆಗೆದು ಸರ್‌ಗೆ ಕಳಿಸಿದಳು. ಫೋನ್ ಬಂತು. ಚೀಟಿ ಇನ್ನೊಂದು ಹಾಳೆಯ ಬೆನ್ನಿಗೆ ಅಂಟಿದ್ದಕ್ಕೆ ಕಾರಣವೇನು, ಅದನ್ನೂ ಬರೆಯಬೇಕು ಎಂದರಂತೆ.

"ಕಾರಣ ಏನಂತ ಬರೀಲ್ರಿ ಆಯಿ?"

ಕಾರಣ ನನಗೆ ಗೊತ್ತಿತ್ತು. ಆಗ ನನ್ನ ಮದುವೆಯಾಗಿ ಹನ್ನೆರಡು ದಿನವಾಗಿತ್ತು. ಊರಿನ ಚೀಟಿಗಳನ್ನು ನಮ್ಮವರು ಬೆಳಿಗ್ಗೆಯೇ ಅಂಟಿಸಿದ್ದರು. ತಾರೀಖಿನವನ್ನು ನನಗೆ ಬಿಟ್ಟು, ಕೆಲಸ ಮುಗಿದರೆ ಸಂಜೆ ತಾಲೀಮು ನೋಡಲು ಮುಂದೆ ಕೂರಿಸುತ್ತೇನೆ ಎಂದಿದ್ದರು. ನಾನು ನಾಟಕ ಕಂಡವಳೇ ಅಲ್ಲ. ಅಂಟು ಆರುವ ಮುಂಚೆ ಒಂದರ ಮೇಲೊಂದು ಒಟ್ಟಿ ಓಡಿದೆ. ಮರುದಿನ ಕೆಲವು ಒಂದಕ್ಕೊಂದು ಅಂಟಿಕೊಂಡು, ಬಿಡಿಸಿದರೆ ಚೀಟಿ ಮೇಲಿನದರ ಬೆನ್ನಿಗೇ ಹೋಗುತ್ತಿತ್ತು. "ಏನಾಗಿಲ್ಲ, ಎಲ್ಲಾ ಹಂಚಿ ಬಂದೆ" ಎಂದಿದ್ದರು ನಮ್ಮವರು. ಹಂಚಿರಲಿಲ್ಲ. ಮಾಲೀಕರು ನೋಡಿ ನನ್ನನ್ನು ಬೈದಾರೆಂದು ಟ್ರಂಕಿನ ತಳಕ್ಕೆ ಹಾಕಿದ್ದರು. ನನಗೂ ಹೇಳಿರಲಿಲ್ಲ.

ಹರ್ಷದಾಳಿಗೆ ಇಷ್ಟು ಹೇಳಿದೆ. "ಬರಿ. ಅಂಟಿಸಿದಾಕಿಗೆ ನಾಟಕ ನೋಡೂ ಅವಸರ ಇತ್ತು."

ಅವಳು ಬರೆದಳು. ಅದರ ಕೆಳಗೆ 'ಅಂಟಿಸಿದವರು: ಗದಿಗೆಮ್ಮ' ಎಂದು ನನ್ನ ಹೆಸರನ್ನೂ ಬರೆದಳು. ಮೂರು ಐವತ್ತಕ್ಕೆ ಕೆಂಪು ಗುರುತು ಹೋಯಿತು. ರಾಯಚೂರು ಒಮ್ಮೆ, ಹೈದರಾಬಾದು ಒಮ್ಮೆ, ಸರದಿಯಂತೆ ಹೊತ್ತಿದವು.

ಖುಷಿಯಲ್ಲಿ ಮೆಟ್ಟಿಲಿಳಿದು ಓಡಿದಳು. ಸ್ಕ್ಯಾನರು ಇಲ್ಲೇ ಉಳಿಯಿತು. ಎರಡು ನಿಮಿಷದಲ್ಲಿ ಹನ್ನೊಂದನೆಯ ಮೆಟ್ಟಿಲಿನಿಂದ ಕೂಗು ಬಂತು.

"ಆಯೀ, ಬಾಗಿಲಾ ತೆಗೀರಿ, ನನ್ನ ಕೈ ಖಾಲಿ ಅದಾವು!"