ಕೆಳಗಿನ ನಳಿಗೆಯ ಪಿನ್ನು

ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವ ಬಂದೂಕುಗಳೆಲ್ಲ ಠಾಣೆಗೆ ಜಮಾ ಆಗಬೇಕು. ಗೆಲ್ಲುವವರು ಗೆದ್ದು, ಗುಲಾಲು ಎರಚಿ, ಮೆರವಣಿಗೆ ಮುಗಿಸಿದ ಮೇಲೂ ನಮ್ಮ ಬಂದೂಕು ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ನಾಲ್ಕು ಸಲ ಬರಿಗೈಲಿ ಮರಳಿದ್ದೆ. ಐದನೇ ಸಲ ಕೈಗೆ ಕೊಟ್ಟರು. ಠಾಣೆಯ ಕಟ್ಟೆಯ ಮೇಲೇ ತೆರೆದು ನೋಡಲು ಹೋದರೆ ತೆರೆಯಲೇ ಇಲ್ಲ. ಮೊಣಕಾಲಿಗೆ ಒತ್ತಿ ಬಲವಾಗಿ ಎಳೆದಾಗ ಕರ್ರೆಂದು ಅರ್ಧ ಬಾಯಿ ಬಿಟ್ಟಿತು. ಒಳಗೆ ಕೆಂಪಗೆ ಜಂಗು. ನನ್ನ ಪಿತ್ತ ನೆತ್ತಿಗೇರಿತು.

ಅದು ಅಜ್ಜನ ಬಂದೂಕು. ನಮ್ಮ ಕಡೆಯ ಜೋಡು ನಳಿಗೆಯ ಬಂದೂಕುಗಳಲ್ಲಿ ನಳಿಗೆಗಳು ಅಕ್ಕಪಕ್ಕ ಇರುತ್ತವೆ. ಇದರಲ್ಲಿ ಒಂದರ ಮೇಲೊಂದು. ಅಜ್ಜನಿಂದ ಅಪ್ಪನಿಗೆ, ಅಪ್ಪ ತೀರಿಕೊಂಡ ಮೇಲೆ ನನಗೆ ಬಂತು. ಹುನಗುಂದದ ಆಚೆ ಮಲಪ್ರಭೆಯ ದಂಡೆಗೆ ನಮ್ಮ ಹೊಲ. ಗೋವಿನಜೋಳಕ್ಕೆ ಕಾಡುಹಂದಿ ನುಗ್ಗಿದಾಗ ಗಾಳಿಯಲ್ಲಿ ಒಂದು ಹಾರಿಸಿದರೆ ಸಾಕು, ವಾರ ಈ ಕಡೆ ತಲೆ ಹಾಕುವುದಿಲ್ಲ. ಹೆಣ್ಣುಮಗಳಿಗೆ ಬಂದೂಕು ಯಾತಕ್ಕೆ ಎಂದು ಊರಲ್ಲಿ ಕೇಳದವರಿಲ್ಲ. ಕಚೇರಿಯಲ್ಲೂ ಅದನ್ನೇ ಕೇಳಿದರು. ಎಲ್ಲರ ಜೊತೆ ಜಗಳಾಡಿಯೇ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ಅಂಥದ್ದನ್ನು ಇವರು ಹಾಳು ಮಾಡಿ ಕೊಟ್ಟರೆ ಸುಮ್ಮನಿರುವವಳಲ್ಲ ನಾನು.

ಬಂದೂಕುಗಳ ಕೋಣೆಯ ಉಸ್ತುವಾರಿ ಒಬ್ಬ ವಯಸ್ಸಾದ ಹವಾಲ್ದಾರರದ್ದು. ಹತ್ತು ಜನರ ಮುಂದೆ ಅವರನ್ನು ಬಾಯಿಗೆ ಬಂದಂತೆ ಬೈದೆ. ಸರ್ಕಾರದ ಅನ್ನ ತಿಂದು ಮಲಗುವವರು ಎಂದೆ, ಇನ್ನೂ ಏನೇನೋ ಎಂದೆ. ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ನಿವೃತ್ತಿಗೆ ಮೊದಲು ಬರುವ ಕೊನೆಯ ಬಡ್ತಿ ಅವರದು ಹತ್ತಿರದಲ್ಲಿದೆ, ದೊಡ್ಡದು ಮಾಡಬೇಡಿ ಎಂದು ಅಲ್ಲಿದ್ದವರೊಬ್ಬರು ನನಗೆ ಬುದ್ಧಿ ಹೇಳಲು ಬಂದರು. ಅದನ್ನು ಕೇಳಿದ ಮೇಲೆ ದೊಡ್ಡದು ಮಾಡಲೇಬೇಕು ಅನ್ನಿಸಿತು. ಅದೇ ದಿನ ಬಾಗಲಕೋಟೆಗೆ ಹೋಗಿ ಮೇಲಧಿಕಾರಿಗಳಿಗೆ ದೂರು ಬರೆದುಕೊಟ್ಟು ಬಂದೆ. ತಿಂಗಳೊಳಗೆ ವಿಚಾರಣೆ ಶುರುವಾಯಿತು, ಬಡ್ತಿ ತಡೆಹಿಡಿದರು, ಹವಾಲ್ದಾರರನ್ನು ಬದಾಮಿ ಕಡೆ ಹಾಕಿದರು. ಸುದ್ದಿ ಬಂದ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಂದೂಕು ರಿಪೇರಿಗೆ ಬಾಗಲಕೋಟೆಯ ನವನಗರದ ಚಾಚಾ ಒಬ್ಬರೇ ಗತಿ. ಅವರ ತಂದೆಯ ಅಂಗಡಿ ಇದ್ದ ಹಳೇ ಊರಿನ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಲೈಸೆನ್ಸ್ ಮತ್ತು ಒಂದು ಪೆಟ್ಟಿಗೆ ಅರಗಳನ್ನು ಹೊತ್ತುಕೊಂಡು ಬಂದು ಇಲ್ಲಿ ಅಂಗಡಿ ಹಾಕಿದ್ದಾರೆ. ಬ್ಯಾಟರಿ ಬಿಟ್ಟು ನೋಡಿ, ಕೆಳಗಿನ ನಳಿಗೆಯ ಪಿನ್ನಿನ ಮೂತಿ ಮುರಿದಿದೆ ಎಂದರು. ಕುದುರೆ ಎಳೆದಾಗ ತೋಟಾದ ಬೆನ್ನಿಗೆ ಹೊಡೆಯುವ ಸಣ್ಣ ಕಡ್ಡಿ ಅದು. ಅಕ್ಕಪಕ್ಕದ ನಳಿಗೆಯ ಬಂದೂಕಿನದ್ದು ಇದಕ್ಕೆ ಕೂರುವುದಿಲ್ಲ, ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಮೊದಲು ಪಿನ್ನು ಹುಡುಕಿ ತಾ, ಆಮೇಲೆ ಬಿಚ್ಚುತ್ತೇನೆ, ಸುಮ್ಮನೆ ಬಿಚ್ಚಿದರೆ ಬಿಡಿ ಬಿಡಿಯಾಗಿ ಡಬ್ಬಿಯಲ್ಲಿ ಬಿದ್ದಿರುತ್ತದೆ ಎಂದರು. ಚೀಟಿ ಬರೆಸಿಕೊಂಡು ಬಂದೂಕನ್ನು ಅಲ್ಲೇ ಬಿಟ್ಟು ಬಂದೆ.

ಪಿನ್ನು ಹುಡುಕಿದ ಮೂರು ತಿಂಗಳು ನಾನು ಸಿಟ್ಟಾಗದ ಊರಿಲ್ಲ. ಇಳಕಲ್ಲಿನಲ್ಲಿ ಮಗ್ಗದ ಸಾಮಾನು ಮಾರುವವನೊಬ್ಬ ಚಾಚಾ ಬರೆದುಕೊಟ್ಟ ಅಳತೆ ನೋಡಿ, ಇಂಥ ಕಡ್ಡಿ ತನ್ನಲ್ಲಿ ರಾಶಿ ಇವೆ, ಸೀರೆ ನೇಯುವುದಕ್ಕೆ ನಡೆದರೆ ಹಂದಿ ಓಡಿಸುವುದಕ್ಕೂ ನಡೆಯುತ್ತದೆ ಎಂದ. ಅವನು ಕೊಟ್ಟದ್ದನ್ನು ಚಾಚಾ ಮುಟ್ಟಿಯೂ ನೋಡಲಿಲ್ಲ. ಫೋನಿನಲ್ಲಿ ಇದೆ ಇದೆ ಎಂದು ಹೇಳಿದ ದೊಡ್ಡ ಊರಿನ ಅಂಗಡಿಯವನು ಫೋಟೋ ಕಳಿಸೆಂದರೆ ಮಾತು ಬದಲಿಸಿದ. ಪ್ರತಿ ಸಲವೂ ನನ್ನ ಸಿಟ್ಟೆಲ್ಲ ಸುತ್ತಿ ಬಳಸಿ ಆ ಹವಾಲ್ದಾರರ ಮೇಲೇ ಹೋಗಿ ನಿಲ್ಲುತ್ತಿತ್ತು. ಅವರು ಒಂದು ಹನಿ ಎಣ್ಣೆ ಬಿಟ್ಟಿದ್ದರೆ ನಾನು ಹೀಗೆ ಬಸ್ಸಿನಲ್ಲಿ ಅಲೆಯಬೇಕಿತ್ತೇ?

ಕೊನೆಗೆ ಸಿಕ್ಕಿದ್ದು ಕೆರೂರಿನಲ್ಲಿ. ಒಂದು ಮನೆಯ ಪಡಸಾಲೆಯಲ್ಲಿ ಇಂಥದೇ ಬಂದೂಕು, ಮೇಲಿನ ನಳಿಗೆ ಸೀಳಿ ಮೂಲೆ ಸೇರಿತ್ತು. ಮನೆಯ ಯಜಮಾನಿಗೂ ಅದು ಭಾರವಾಗಿತ್ತು. ಅರ್ಜಿ ಬರೆದು, ಠಪ್ಪೆ ಹಾಕಿಸಿ, ಅವರು ಅದನ್ನು ಚಾಚಾನ ಅಂಗಡಿಗೆ ಒಪ್ಪಿಸುವ ಹೊತ್ತಿಗೆ ಮತ್ತೆ ಆರು ವಾರ ಹೋದವು.

ಚಾಚಾ ನನ್ನೆದುರಿಗೇ ನಮ್ಮ ಬಂದೂಕು ಬಿಚ್ಚಿದರು. ತಿರುಗಣಿಯ ಸಂದಿಯಿಂದ ಕೆಂಪು ಹೆಂಟೆಯೊಂದನ್ನು ಕೆರೆದು ಪೇಪರಿನ ಮೇಲೆ ಹಾಕಿದರು. ನೋಡಿ ಚಾಚಾ, ಹೆಂಗೆ ಹಾಳು ಮಾಡಿದ್ದಾರೆ ಎಂದು ನಾನು ಶುರು ಹಚ್ಚಿಕೊಂಡೆ. ಅವರು ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಅಂಗೈಗೆ ಹಾಕಿದರು.

“ಯವ್ವಾ, ಇದು ಠಾಣೇದಾಗ ಹಿಡದ ಜಂಗ ಅಲ್ಲ. ಇದು ನಿಮ್ಮ ಮನಿ ಕುಂಕುಮ.”

ಕುಂಕುಮದ ಜೊತೆ ವಿಭೂತಿಯೂ ಇತ್ತು, ಗಟ್ಟಿಯಾಗಿ ಸಿಮೆಂಟಿನ ಹಾಗೆ ಹಿಡಿದಿತ್ತು. ಜಂಗು ಅದರ ಅಡಿಯಲ್ಲಿತ್ತು. ಪಿನ್ನು ಅದರಲ್ಲೇ ಸಿಕ್ಕಿಕೊಂಡಿತ್ತು. ನಾನು ಮೊಣಕಾಲಿಗೆ ಹಾಕಿ ಎಳೆದಾಗಲೇ ಮುರಿದದ್ದು ಎಂದರು.

“ಖಂಡೇ ಪೂಜಾ ಆದ ವಾರಕ್ಕ ನಿಮ್ಮಪ್ಪಾರು ಬಂದೂಕ ತಗೊಂಡು ಬರ್ತಿದ್ರು. ಪೂರಾ ಬಿಚ್ಚಿ, ಒರಸಿ, ಎಣ್ಣಿ ಹಾಕಿ ಕೊಡ್ತಿದ್ನಿ. ನೀ ನಾಕು ವರ್ಷದಾಗ ಒಮ್ಮೇನೂ ಬರಲಿಲ್ಲ.”

ನನಗೆ ಮೊದಲು ಸಿಟ್ಟು ಬಂದದ್ದು ಅಪ್ಪನ ಮೇಲೆ. ಖಂಡೇ ಪೂಜೆಗೆ, ಅಂದರೆ ಮಹಾನವಮಿಯ ಆಯುಧಪೂಜೆಗೆ, ನಮ್ಮ ಮನೆಯಲ್ಲಿ ಗಂಡಸರಷ್ಟೇ ಬಂದೂಕಿನ ಹತ್ತಿರ ಕೂರುತ್ತಿದ್ದರು. ನಾವು ಹೊಸ್ತಿಲಾಚೆ ನಿಂತು ನೋಡಬೇಕು. ಅಲ್ಲಿಂದ ಕಂಡದ್ದು ವಿಭೂತಿ, ಕುಂಕುಮ, ಹೂವು, ತೆಂಗಿನಕಾಯಿ. ಆಮೇಲೆ ಬಾಗಲಕೋಟೆಗೆ ಹೋಗುವುದು ಪೂಜೆಯ ಭಾಗ ಎಂದು ಯಾರು ಹೇಳಬೇಕಿತ್ತು? ನನ್ನ ಪಾಲಿಗೆ ಬಂದ ಮೇಲೆ ಹೊಸ್ತಿಲ ಸೇಡನ್ನೆಲ್ಲ ತೀರಿಸಿಕೊಂಡೆ. ಅಪ್ಪ ಕಟ್ಟಿಗೆಯ ಹಿಡಿಕೆಗೆ ಮಾತ್ರ ಹಚ್ಚುತ್ತಿದ್ದರೆ ನಾನು ಬಂದೂಕು ತೆರೆದು ಎರಡೂ ನಳಿಗೆಗಳ ಬಾಯಿಗೆ ಒದ್ದೆ ಕುಂಕುಮ ಹಚ್ಚಿದೆ, ಕಾಯಿ ಒಡೆದು ನೀರು ಚಿಮುಕಿಸಿದೆ. ಪೂಜೆಯ ಕುಂಕುಮ ಒರೆಸಬಾರದಲ್ಲ, ಹಾಗೇ ಅರಿವೆ ಸುತ್ತಿ ಕಪಾಟಿನಲ್ಲಿಟ್ಟೆ. ನಾಲ್ಕು ವರ್ಷ, ಭಕ್ತಿಯಿಂದ.

ಚಾಚಾ ಕೆರೂರಿನ ಪಿನ್ನನ್ನು ಅರ ಹಾಕಿ ಕೂರಿಸಿದರು. ಬಂದೂಕು ಸಣ್ಣ ಸದ್ದು ಮಾಡಿ ಮುಚ್ಚಿಕೊಂಡಿತು. ಜಮಾ ಮಾಡಿದ ದಿನದಿಂದ ಎಂಟು ತಿಂಗಳು ಕಾದ ಆ ಸದ್ದು ನನಗೆ ಕೇಳಲೂ ಬೇಕಾಗಿರಲಿಲ್ಲ.

ಮರುದಿನ ಹವಾಲ್ದಾರರನ್ನು ಹುಡುಕಿಕೊಂಡು ಬದಾಮಿ ಕಡೆಯ ಕುಳಗೇರಿ ಕ್ರಾಸಿಗೆ ಹೋದೆ. ಅವರು ಸೀಟಿ ಊದುತ್ತ ಕಬ್ಬಿನ ಟ್ರ್ಯಾಕ್ಟರುಗಳನ್ನು ಬದಿಗೆ ಸರಿಸುತ್ತಿದ್ದರು. ನನ್ನನ್ನು ನೋಡಿ ಚಹಾದಂಗಡಿಯ ಬೆಂಚಿಗೆ ಕರೆದರು. ನಿಂತೇ ಎಲ್ಲ ಹೇಳಿದೆ. ಅವರು ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

“ಗೊತ್ತಿತ್ರಿ ಅಕ್ಕಾರ. ಜಮಾ ಮಾಡ್ಕೊಳ್ಳುವಾಗನ ನೋಡಿದ್ನಿ. ಪೂಜಾ ಮಾಡಿದ್ದು ನಾ ಯಾಕ ಒರಸಲಿ ಅಂತ ಹಂಗ ಇಟ್ನಿ.”

ವಿಚಾರಣೆಯಲ್ಲೂ ಇದನ್ನೇ ಹೇಳಿದರಂತೆ. ಬಂದೂಕು ಪಡೆದ ದಿನ ರಿಜಿಸ್ಟರಿನಲ್ಲಿ ಬರೆದಿದ್ದೀರಾ ಎಂದು ಅಧಿಕಾರಿಗಳು ಕೇಳಿದರಂತೆ. ಬರೆದಿರಲಿಲ್ಲ. ದೇವರ ಕುಂಕುಮವನ್ನು ದೋಷ ಅಂತ ಹೇಗೆ ಬರೆಯುವುದು ಎಂದು ನನ್ನನ್ನೇ ಕೇಳಿದರು.

ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಬರೀ ವಾಪಸ್ ಎಂದರೆ ರಾಜಿ ಮಾಡಿಕೊಂಡರು ಅನ್ನುತ್ತಾರೆ, ಹೇಗಾಯಿತೋ ಹಾಗೆ ಬರೆಯಿರಿ ಎಂದರು. ಹಾಗೆ ಬರೆದರೆ, ಬಂದೂಕು ಇಟ್ಟುಕೊಳ್ಳಲು ಬಾರದವಳೆಂದು ನಾನೇ ಸಹಿ ಹಾಕಿದ ಹಾಗೆ, ಲೈಸೆನ್ಸ್ ಹೋಗಬಹುದು. ಆ ಮನುಷ್ಯನ ಎದುರಿಗೆ ನಿಂತೂ ನಾನು ಮೊದಲು ಯೋಚಿಸಿದ್ದು ಬಂದೂಕಿನ ಬಗ್ಗೆ. ನನ್ನ ಮೇಲೇ ಹೇಸಿಗೆ ಬಂತು. ಚಹಾದಂಗಡಿಯವನ ಹತ್ತಿರ ಹಾಳೆ ಇಸಿದುಕೊಂಡು ಕುಂಕುಮ, ಕಾಯಿನೀರು, ಮೊಣಕಾಲು ಎಲ್ಲ ಬರೆದು ಸಹಿ ಮಾಡಿದೆ. ನಾಳೆಯೇ ಬಾಗಲಕೋಟೆಗೆ ಕೊಟ್ಟು ಬರುತ್ತೇನೆ, ಬಡ್ತಿ ಆಗುತ್ತದೆ ಎಂದೆ.

ಅವರು ಎರಡು ಸಲ ಓದಿ, ಮಡಚಿ, ಖಾಕಿ ಅಂಗಿಯ ಕಿಸೆಗೆ ಇಟ್ಟುಕೊಂಡರು.

“ಬಡ್ತಿ ಪಟ್ಟಿ ಹ್ವಾದ ವಾರ ಬಂತ್ರಿ, ನನ್ನ ಹೆಸರಿಲ್ಲ. ಮುಂದಿನದು ಬರೂದ್ರಾಗ ನಾ ರಿಟೈರ್ ಆಗಿರ್ತೇನಿ. ಇದನ್ನ ಮನ್ಯಾಗ ತೋರಸ್ತೇನಿ. ನಮ್ಮ ಮನ್ಯಾಗೂ ಎಲ್ಲಾರೂ ನಾನ ಕೆಡಿಸಿರಬೇಕಂತ ತಿಳಕೊಂಡಾರ.”

ಬಾಗಲಕೋಟೆಗೆ ಕೊಡಲು ನಾನು ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಅದನ್ನೆಲ್ಲ ಮೊದಲಿನಿಂದ ಮತ್ತೆ ಬರೆದೆ.