ತವರಿಗೆ ಹೊರಟ ಮುನ್ನಿಯ ಹೆರಿಗೆ

ಬೆಳಿಗ್ಗೆ ಎದ್ದು ನೋಡಿದರೆ ಮುನ್ನಿ ನನ್ನ ಹೊಲಿಗೆ ಮಶೀನಿನ ಕೆಳಗೆ ಕೂತು, ಯಾರೋ ಹೊಲಿಯಲು ಕೊಟ್ಟಿದ್ದ ಜಂಪರ್ ಬಟ್ಟೆಯನ್ನು ಕೆರೆದು ಕೆರೆದು ಗುಡ್ಡೆ ಮಾಡುತ್ತಿದ್ದಳು.

ಮುನ್ನಿ ಅಂದರೆ ನಮ್ಮ ಪಮೇರಿಯನ್ ನಾಯಿ. ತುಂಬಿದ ಬಸುರಿ, ಅದೂ ಚೊಚ್ಚಲು.

ಹಾಲು ಇಟ್ಟೆ, ಮೂಸಲಿಲ್ಲ. ಬಾಗಿಲಿಗೆ ಹೋಗುವಳು, ಕುಂಯ್ ಅನ್ನುವಳು, ತಿರುಗಿ ಬಂದು ಮತ್ತೆ ಕೆರೆಯುವಳು...

ಸಣ್ಣ ಜಾತಿಯ ನಾಯಿಗೆ ಹೆರಿಗೆ ಕಷ್ಟ, ಮರಿ ಅಡ್ಡ ಸಿಕ್ಕಿಕೊಂಡರೆ ತಾಯಿಯೂ ಉಳಿಯುವುದಿಲ್ಲ ಎಂದು ದನದ ಡಾಕ್ಟರ್ ಮೊದಲೇ ಹೇಳಿದ್ದರು.

"ಬ್ಯಾನಿ ಬರಾದ್ರಾಗ ಊಟ ಬಿಡ್ತದ, ಮೂಲಿ ಹುಡುಕಿ ಕೆರೀತದ, ಏದುಸಿರು ಬಿಡ್ತದ, ಮೈ ತಣ್ಣಗಾಗ್ತದ. ಆವಾಗ ಅಲುಗಾಡಿಸಬ್ಯಾಡ್ರಿ" ಎಂದೂ ಹೇಳಿದ್ದರು.

ಆದರೆ ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗಾಬರಿಯಾದರೆ ಕೇಳಿದ್ದೆಲ್ಲ ತಲೆಯಲ್ಲಿ ಕಲಸಿಹೋಗುತ್ತದೆ. ಅದೂ ಅಲ್ಲದೆ, ಬೇನೆ ಬಂತು ಬೇನೆ ಬಂತು ಎಂದು ಅದಾಗಲೇ ಎಷ್ಟೋ ಸಲ ಮನೆಮಂದಿಯನ್ನು ಓಡಾಡಿಸಿದ್ದೆ. ಒಂದು ಸಲ ಅವಳಿಗೆ ಬರೀ ಬಿಕ್ಕಳಿಕೆ ಬಂದಿತ್ತು.

ಅದಕ್ಕೇ ಈ ಸಲ ಅತ್ತೆಯನ್ನು ಕೇಳಿದೆ.

ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಬ್ಯಾನಿ ಅಲ್ಲ, ಏನಲ್ಲ. ಚೊಚ್ಚಲ ಬಸರಿ, ಉಣ್ಣಂಗಿಲ್ಲ, ಬಾಗಲಾ ನೋಡಾಕತ್ತಾಳ. ತವರ ನೆನಸಾಕತ್ತಾಳ ಆಕಿ."

ನೀವು ನಗಬಹುದು. ನನಗೆ ನಗು ಬರಲಿಲ್ಲ. ನನ್ನ ಮೊದಲ ಹೆರಿಗೆಗೆ ಮುಂಚೆ ನಾನೂ ಹೀಗೇ ಊಟ ಬಿಟ್ಟು ಬಾಗಿಲು ನೋಡುತ್ತಾ ಕೂತಿದ್ದೆ. ದೋರನಹಳ್ಳಿಯಿಂದ ಅಪ್ಪ ಬಂದು ಕರೆದ ಮೇಲೇ ತುತ್ತು ಗಂಟಲಲ್ಲಿ ಇಳಿದದ್ದು. ಅತ್ತೆಯ ಮಾತು ಸರಿ ಅನಿಸಿಬಿಟ್ಟಿತು.

ಮುನ್ನಿಯ ತವರು ಭೀಮರಾಯನಗುಡಿ. ಅತ್ತೆಯ ತಮ್ಮ ಶರಣಪ್ಪ ಮಾವ ಅಲ್ಲಿ ಕ್ವಾರ್ಟರ್ಸಿನಲ್ಲಿದ್ದಾರೆ. ಅವರ ಮನೆಯ ನಾಯಿಯ ಮಗಳೇ ಇವಳು.

ಆದರೆ ತವರಿನವರು ಕರೆಯಲು ಬರದೆ ಕಳಿಸುವುದು ಹೇಗೆ? ಅತ್ತೆ ಫೋನ್ ಹಚ್ಚಿದರು.

"ಮಗಳನ್ನ ಕರಿಯಾಕ ಬರ್ತಿಯೋ, ನಾವ ತಂದು ಬಾಗಲದಾಗ ಬಿಡಬೇಕೋ?"

ಮಾವ ಅರ್ಧ ದಿನ ರಜೆ ಹಾಕಿ ಬಂದೇ ಬಿಟ್ಟರು. ಬರಿಗೈಯಲ್ಲಿ ಅಲ್ಲ... ಹಸಿರು ರವಿಕೆ ಖಣ, ಹೂವು, ಒಂದು ಡಬ್ಬಿ ಪೇಢಾ. ಅತ್ತೆ ಮುನ್ನಿಯ ಹಣೆಗೆ ಕುಂಕುಮ ಹಚ್ಚಿ ಖಣ ಮುಂದಿಟ್ಟರು. ಮುನ್ನಿ ಅದನ್ನೂ ಕೆರೆದಳು.

"ನೋಡಕ್ಕ, ಎಷ್ಟ್ ಖುಷಿ ಆತು ಆಕಿಗಿ" ಎಂದರು ಮಾವ.

ಸುರಪುರದಲ್ಲಿ ಮೂವರೂ ಟಂಟಂ ಆಟೋ ಹತ್ತಿದೆವು. ಮುನ್ನಿ ನನ್ನ ತೊಡೆಯ ಮೇಲೆ, ನಾಲಿಗೆ ಹೊರಗೆ.

ಎದುರಿನ ಸೀಟಿನಲ್ಲಿ ಶಹಾಪುರಕ್ಕೆ ಮದುವೆಗೆ ಹೊರಟಿದ್ದ ಹೆಣ್ಣುಮಕ್ಕಳು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು. "ಎಲ್ಲಿಗಿ ಹೊಂಟಿಯವ್ವ?"

"ತವರಿಗ್ರಿ."

"ಯಾವೂರು ನಿನ್ನ ತವರು?"

"ನಂದಲ್ರಿ, ಇಕಿದು."

ಆಕೆ ಮುನ್ನಿಯನ್ನು ನೋಡಿದಳು, ಕುಂಕುಮ ನೋಡಿದಳು. "ಖಣಾ ಕೊಟ್ಟಾರೇನು?"

"ಕೊಟ್ಟಾರ್ರಿ" ಎಂದರು ಅತ್ತೆ, ತವರಿನ ಹೆಮ್ಮೆಯಿಂದ.

ನನಗೆ ಮಾತ್ರ ಸಮಾಧಾನವಿಲ್ಲ. ತವರಿನ ದಾರಿ ಹಿಡಿದ ಮೇಲೂ ಇವಳಿಗೇಕೆ ಏದುಸಿರು? ಕಿವಿ ಮುಟ್ಟಿದರೆ ತಣ್ಣಗಿದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಕಲ್ಲಿನಂತೆ ಬಿಗಿಯುತ್ತದೆ, ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತದೆ...

ಅಷ್ಟರಲ್ಲಿ ನನ್ನ ಸೀರೆ ಒದ್ದೆಯಾಯಿತು. ಡಾಕ್ಟರ್ ಹೇಳಿದ್ದೆಲ್ಲ ಆಗ ಒಂದೇ ಸಲಕ್ಕೆ ನೆನಪಾಯಿತು.

"ಗಾಡಿ ನಿಂದ್ರಸ್ರಿ" ಎಂದು ಕೂಗಿದೆ. ನಡುದಾರಿಯ ಹತ್ತಿಗೂಡೂರು ಇನ್ನೂ ಬಂದಿರಲಿಲ್ಲ.

"ಇಲ್ಲ್ಯಾಕ್ರಿ? ಭೀಮರಾಯನಗುಡಿ ಇನ್ನಾ ದೂರ ಅದ" ಎಂದ ಡ್ರೈವರ್.

"ಹಡಿಯಾಕತ್ತಾಳ್ರಿ."

ಟಂಟಂ ನಿಂತಿತು. ಗಂಡಸರೆಲ್ಲ ಇಳಿದು ಹೋಗಿ ಜಾಲಿ ಗಿಡದ ಕಡೆ ಮುಖ ಮಾಡಿ ನಿಂತರು. ಮಾವ ಎಲ್ಲರಿಗಿಂತ ದೂರ. ಮದುವೆಯ ಹೆಣ್ಣುಮಕ್ಕಳು ರೇಷ್ಮೆ ಸೆರಗು ಬಿಚ್ಚಿ ಟಂಟಂ ಸುತ್ತ ಮರೆ ಹಿಡಿದರು. ಒಂದು ನಾಯಿಗೆ.

ಮೊದಲ ಮರಿ ಪೊರೆಯ ಸಮೇತ ಬಂತು. ಮುನ್ನಿ ಅದನ್ನು ನೋಡಿ ಬೆದರಿ ಹಿಂದೆ ಸರಿದಳು. ಪೊರೆ ಹರಿಯಬೇಕಾದವಳು ಅವಳೇ. ಹರಿಯದಿದ್ದರೆ ಮರಿಯ ಉಸಿರು ಕಟ್ಟುತ್ತದೆ.

ಉಗುರಿನಿಂದ ಪೊರೆ ಹರಿಯುತ್ತೇನೆ, ಮೂತಿ ಒರೆಸುತ್ತೇನೆ, ಸೆರಗಿನಲ್ಲಿ ಹಿಡಿದು ಬೆನ್ನು ಉಜ್ಜುತ್ತೇನೆ. ಏನೂ ಇಲ್ಲ. ಮತ್ತೆ ಉಜ್ಜುತ್ತೇನೆ. ಅತ್ತೆ ದೇವರ ಹೆಸರು ಹೇಳುವುದನ್ನೂ ನಿಲ್ಲಿಸಿದ್ದಾರೆ.

ಆಮೇಲೆ... ಚೀಂವ್.

"ಗಂಡೇನ್ರಿ, ಹೆಣ್ಣೇನ್ರಿ?" ಡ್ರೈವರ್ ಜಾಲಿ ಗಿಡಕ್ಕೇ ಕೇಳಿದ.

ಡಾಕ್ಟರಿಗೆ ಫೋನ್ ಮಾಡಿದೆ. ಉಳಿದ ಮರಿಗಳು ಬರುವ ತನಕ ಇದ್ದಲ್ಲೇ ಇರಿ ಎಂದರು. ಹಿಂದಿನಿಂದ ಇನ್ನೊಂದು ಟಂಟಂ ಬಂದು ನಿಂತಿತು. ನಮ್ಮ ಗಾಡಿಯವರು ಒಬ್ಬರೂ ಅದನ್ನು ಹತ್ತಲಿಲ್ಲ. ಅದರಿಂದಲೇ ಇಬ್ಬರು ಇಳಿದು ನಮ್ಮ ಜೊತೆ ನಿಂತರು. ಆ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಮುಹೂರ್ತ ತಪ್ಪಿತು, ಊಟಕ್ಕಾದರೂ ಮುಟ್ಟಿದರೋ ಇಲ್ಲವೋ ತಿಳಿಯದು.

ಇನ್ನೆರಡು ಮರಿ ಬಂದವು. ಅವನ್ನು ಮುನ್ನಿ ತಾನೇ ನೆಕ್ಕಿದಳು.

ಇಷ್ಟೆಲ್ಲ ಆದ ಮೇಲೆ ಭೀಮರಾಯನಗುಡಿಗೆ ಹೋದರೆ, ಮುನ್ನಿಯ ತಾಯಿ ಹೊಸ್ತಿಲಲ್ಲೇ ನಿಂತು ಗುರ್ ಅಂದಳು. ಮಗಳೆಂಬ ಗುರುತೇ ಇಲ್ಲ. ಒಂದು ಹೆಜ್ಜೆಯೂ ಒಳಗೆ ಬಿಡಲಿಲ್ಲ.

ಅತ್ತೆಗೆ ಸಿಟ್ಟು ಬಂದದ್ದು ನಾಯಿಯ ಮೇಲಲ್ಲ, ತಮ್ಮನ ಮೇಲೆ. "ಕರಿಯಾಕ ಬಂದು ಬಾಗಲದಾಗ ನಿಂದ್ರಸ್ತೀರಿ. ನಮ್ಮ ತವರಿನ ರೀತಿನ ಹಿಂಗ. ನಡೀಬೇ, ನಮ್ಮ ಮನ್ಯಾಗ ಬಾಣಂತನ ಮಾಡೂನು."

ಶಹಾಪುರಕ್ಕೆ ಹೋಗಿ ತಿರುಗಿ ಬಂದ ಅದೇ ಟಂಟಂನಲ್ಲಿ ವಾಪಸು ಬಂದೆವು. ಅತ್ತೆ ಇವತ್ತಿನವರೆಗೂ ಮಾವನ ಫೋನ್ ಎತ್ತಿಲ್ಲ.

ಈಗ ಮೂರೂ ಮರಿ ಹಾಲು ಕುಡಿದು ಮಲಗಿವೆ. ನಾನು ಉಜ್ಜಿ ಬದುಕಿಸಿದ್ದು ಮಾತ್ರ ನಿದ್ದೆಯಲ್ಲಿ ಆಗಾಗ ಮೈ ಜರ್ ಅನ್ನಿಸಿ, ಕಾಲು ಎಗರಿಸುತ್ತದೆ. ಪ್ರತಿ ಸಲವೂ ಓಡಿ ಹೋಗಿ ಅದರ ಮೂಗಿಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದೇನೆ.

ನಿಮ್ಮ ಮನೆಯ ಮರಿಗಳೂ ನಿದ್ದೆಯಲ್ಲಿ ಹೀಗೆ ಎಗರುತ್ತವೆಯೇ, ಇಲ್ಲಾ ಡಾಕ್ಟರಿಗೆ ಮತ್ತೊಮ್ಮೆ ಫೋನ್ ಮಾಡಲೇ?