ಎತ್ತಬಾರದ ಕರೆ

ನಿಮ್ಮ ಮನೆಯ ಯಾವುದಾದರೂ ಡ್ರಾಯರನ್ನು ಎಳೆದು ನೋಡಿ, ಗೆಳೆಯರೇ. ರಬ್ಬರ್ ಬ್ಯಾಂಡು, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ, ಎಂದೋ ತಂದ ಮಾತ್ರೆಗಳ ನಡುವೆ ಸಪೂರ ಮೂತಿಯ ಹಳೆಯ ಚಾರ್ಜರೊಂದು ಸಿಕ್ಕೇ ಸಿಗುತ್ತದೆ. ಯಾವ ಕಂಪನಿಯದೆಂದು ನಾನು ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿಯುದ್ದಕ್ಕೂ ಅದರದೇ ಫಲಕ, ಎಲ್ಲರ ಅಂಗಿಯ ಜೇಬಿನಲ್ಲೂ ಅದರದೇ ಫೋನು. ಆನೆ ನಡೆದದ್ದೇ ದಾರಿ ಎಂದುಕೊಂಡಿದ್ದ ಆ ಕಂಪನಿ, ಗಾಜಿನ ಫೋನುಗಳು ಬಂದ ಮೇಲೆ ನೋಡನೋಡುತ್ತ ಸೊರಗಿ, ಕೊನೆಗೆ ಇದ್ದಬದ್ದದ್ದನ್ನೆಲ್ಲ ಯಾರಿಗೋ ಮಾರಿ ಎದ್ದುಹೋಯಿತು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬಂತೆ ಜಾಣರೆಲ್ಲ ಅದರ ತಪ್ಪುಗಳನ್ನು ಪತ್ರಿಕೆಗಳಲ್ಲಿ ಎಣಿಸಿದರು, ನಾನೂ ಓದಿ ತಲೆದೂಗಿದೆ.

ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವ ನಾಗಮ್ಮನ ಮಗಳಿಗೆ ನಾನು ಪಾಠ ಹೇಳಿದವಳು. ನಾಗಮ್ಮನ ಗಂಡ ಮಂಜುನಾಥ ಚಿಕ್ಕ ದೋಣಿಯಲ್ಲಿ ಕಡಲಿಗೆ ಹೋಗುತ್ತಾನೆ. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ಮಗುಚುವುದುಂಟು. ಅದನ್ನು ದಾಟಿ ಒಳಗೆ ಬಂದೊಡನೆ ಅವನು ಕೊರಳಿಗೆ ಕಟ್ಟಿದ ಆ ಕಂಪನಿಯ ಫೋನಿನ ಹಸಿರು ಗುಂಡಿಯನ್ನು ಒದ್ದೆ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಪೇಟೆಯಲ್ಲಿ ನಾಗಮ್ಮನ ಫೋನು ಕೂಗುತ್ತಿತ್ತು. ಆ ಕರೆಯನ್ನು ಎತ್ತಬಾರದು, ಎತ್ತಿದರೆ ಕೇಡು ಎಂಬುದು ಅವರ ಕೇರಿಯ ಹೆಂಗಸರು ತಾವೇ ಕಟ್ಟಿಕೊಂಡ ನೇಮ. ಕೂಗು ತಾನಾಗಿ ನಿಂತ ಮೇಲಷ್ಟೇ ಅವಳು ಗೋಣಿಯ ಮೇಲೆ ಕೂರುತ್ತಿದ್ದಳು. ಅಲ್ಲಿಯವರೆಗೆ ನಿಂತೇ ವ್ಯಾಪಾರ.

ಮಂಜುನಾಥನ ಫೋನು ಕೆಟ್ಟಾಗ, ಭಟ್ಕಳಕ್ಕೆ ಹೊರಟಿದ್ದ ನಾನೇ ಅದನ್ನು ಅಲ್ಲಿಯ ಹಳೆಯ ರಿಪೇರಿಯವನ ಬಳಿ ಒಯ್ದೆ. ಬಿಚ್ಚಿ ನೋಡಿದವನು ಹಾಗೆಯೇ ಮುಚ್ಚಿದ.

"ಕಂಪನಿಯೇ ಇಲ್ಲ ಟೀಚರ್, ಪಾರ್ಟ್ ಎಲ್ಲಿಂದ ತರೂದು?"

ಬೇರೆ ಹೆಸರಿನ ಗುಂಡಿ ಫೋನು ತಂದರು. ಉಪ್ಪುಗಾಳಿಗೆ ಅದು ಒಂದು ಹಂಗಾಮೂ ತಾಳಲಿಲ್ಲ. ಕೊನೆಗೆ ಅಳಿಯ ಗಾಜಿನ ಫೋನು ಕೊಡಿಸಿದ.

ಒಂದು ಮಧ್ಯಾಹ್ನ ನಾನು ಮೀನಿಗೆ ಹೋದಾಗ ಬಂಗಡೆಯ ಮೇಲೆ ನೊಣ ಮುತ್ತಿತ್ತು. ನಾಗಮ್ಮ ಓಡಿಸದೆ ಸುಮ್ಮನೆ ನಿಂತಿದ್ದಳು.

"ರಿಂಗೇ ಬರ್ಲಿಲ್ಲ ಟೀಚರ್. ಎಂತ ಆತೇನ."

ನಾನೇ ಬಾಗಿ ನೊಣ ಓಡಿಸತೊಡಗಿದೆ. ಹೊತ್ತು ಇಳಿಯುವಾಗ ಮಂಜುನಾಥ ಬಲೆಯನ್ನೂ ಬಿಡಿಸದೆ ಓಡೋಡಿ ಪೇಟೆಗೆ ಬಂದ.

"ಒದ್ದೆ ಬೆರಳಿಗೆ ಇದು ಕೇಳೂದೇ ಇಲ್ಲ. ಒರೆಸೂಕೆ ದೋಣೀಲಿ ಒಣಬಟ್ಟೆ ಎಲ್ಲಿತ್ತು?"

ಊರಿಗೆಲ್ಲ ಬಾಯಿ ಮಾಡುವ ನಾಗಮ್ಮ ಅಂದು ನಿಂತಲ್ಲೇ ಅತ್ತಳು.

ದೊಡ್ಡದೊಂದು ಕುಸಿದಾಗ ಅದು ಎಷ್ಟು ಎತ್ತರವಿತ್ತೆಂದು ಮಾತಾಡುತ್ತೇವೆಯೇ ಹೊರತು, ಅದಕ್ಕೆ ಒರಗಿ ನಿಂತಿದ್ದವರನ್ನು ನೋಡುವುದಿಲ್ಲ. ಗೆದ್ದವರಿಗಂತೂ ಲೋಕದಲ್ಲಿ ಒಣಗಿದ ಬೆರಳುಗಳಷ್ಟೇ ಇವೆ ಎಂಬ ನಂಬಿಕೆ. ಆ ಜಾಣತನದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನಾಗಮ್ಮ ಈಗ ಪೇಟೆಯ ಜಾಗ ಬಿಟ್ಟಿದ್ದಾಳೆ. ಅಳಿವೆಯ ದಡದಲ್ಲಿ, ಮೊದಲು ಬಂದ ದೋಣಿಗಳ ಮೀನು ಕೊಂಡು, ಬಂದಷ್ಟು ಬೆಲೆಗೆ ಮಾರುತ್ತಾಳೆ. ಅಲ್ಲಿ ಗಿರಾಕಿ ಕಡಿಮೆ, ಆದರೆ ನೀರು ಕಾಣಿಸುತ್ತದೆ. ನಾನೂ ಅಲ್ಲಿಗೇ ಹೋಗುತ್ತೇನೆ. ಚೀಲಕ್ಕೆ ಮೀನು ಹಾಕುವಾಗಲೂ ಅವಳ ಕಣ್ಣು ಅತ್ತಲೇ. ಕೊಂಡಾದ ಮೇಲೆ ನಾನು ಹೊರಡುವುದಿಲ್ಲ. ಮಂಜುನಾಥನ ದೋಣಿ ಒಳಗೆ ಬರುವವರೆಗೆ ಅವಳ ಪಕ್ಕದಲ್ಲಿ ನಿಲ್ಲುತ್ತೇನೆ. ಅವಳಿಗೆ ಧೈರ್ಯ ಹೇಳುವುದಕ್ಕಲ್ಲ. ಈಗೀಗ ನನಗೂ ಭಯವಾಗುತ್ತದೆ.